ಕೆಂಪು ಬಸ್ಸಿನ ಜೊತೆ ಹದಿನೈದು ನಿಮಿಷ

ರಾಜಧಾನಿಗೆ ಹೋಗಿಬರುವ ಲೆಕ್ಕವನ್ನು ನಾನು ಯಾವಾಗಲೂ ನೋಟ್‌ಬುಕ್ಕಿನ ಕೊನೇ ಪುಟದಲ್ಲೇ ಬರೆಯುವುದು. ಮೊದಲ ಪುಟದಲ್ಲಿ ಬರೆದರೆ ಮನೆಯವಳು ಓದಿ, ಇಷ್ಟು ಖರ್ಚಲ್ಲಿ ಎರಡು ಸೀರೆ ಬರುತ್ತಿತ್ತು ಅನ್ನುತ್ತಾಳೆ. ಈ ಸಲದ ಲೆಕ್ಕ ಹೀಗಿತ್ತು: ಗುರುವಾರ ರಾತ್ರಿ ಹತ್ತೂವರೆಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತುವುದು, ಶುಕ್ರವಾರ ಹಗಲೆಲ್ಲ ಒಂದು ಕಚೇರಿಯಲ್ಲಿ ನನ್ನ ಫೈಲಿನ ಹಿಂದೆ ಓಡಾಡುವುದು, ರಾತ್ರಿ ಮತ್ತೆ ಬಸ್ಸು. ಎರಡು ರಾತ್ರಿಯ ಲಾಡ್ಜು ಉಳಿಯಿತು. ಮುಖ ತೊಳೆಯಲು ಹನುಮಂತನಗರದಲ್ಲಿ ಭಾವಮೈದುನನ ಮನೆ ಇದೆ.

ಭದ್ರಾವತಿ, ತರೀಕೆರೆ, ಬೀರೂರು, ಕಡೂರು ಎಲ್ಲ ಕತ್ತಲಲ್ಲೇ ಕಳೆದವು. ಅರಸೀಕೆರೆ ದಾಟಿದ ಮೇಲೆ ಒಂದು ಹೋಟೆಲಿನ ಮುಂದೆ ಬಸ್ಸು ನಿಂತಿತು. ‘ಹದಿನೈದು ನಿಮಿಷ ಟೈಮಿದೆ, ಕಾಫಿ ತಿಂಡಿ ಮಾಡೋರು ಮಾಡ್ಕಳಿ’ ಎಂದು ಕೂಗಿದ ಕಂಡಕ್ಟರು ಡ್ರೈವರ್ ಜೊತೆ ಹೋಟೆಲಿನ ಒಳಕೋಣೆಗೆ ನಡೆದರು. ಆ ಕೋಣೆಯಲ್ಲಿ ಬಿಲ್ಲು ಕೊಡುವ ಪದ್ಧತಿ ಇಲ್ಲ. ಹೊರಗಿನ ನಮಗೆ ಮಾತ್ರ ಬಾಟಲಿ ನೀರಿಗೆ ಮುದ್ರಿಸಿದ ಬೆಲೆಯ ಮೇಲೆ ಐದು ರೂಪಾಯಿ, ಮೂತ್ರಕ್ಕೆ ಬೇರೆ ಐದು ರೂಪಾಯಿ. ಕೊನೇ ಪುಟದ ಲೆಕ್ಕದಲ್ಲಿ ಈ ಎರಡೂ ಇರಲಿಲ್ಲ. ಗಂಟೆ ಒಂದೂಕಾಲು. ಬಸ್ಸು ಒಂಟಿಯಾಗಿ ನಿಂತು ಬಿಸಿ ಆರಿಸಿಕೊಳ್ಳುತ್ತಿತ್ತು. ಮಾತಾಡಿಸಿದೆ.

ನಾನು: ನಮಸ್ಕಾರ. ರಾಜಧಾನಿಗೆ ಕಡಿಮೆ ಖರ್ಚಿನಲ್ಲಿ ಹೋಗೋದು ಹೇಗೆ ಅಂತ ತಮ್ಮಿಂದಲೇ ತಿಳಿಯೋಣ ಅಂತ...

ಬಸ್ಸು: ಮೊದಲು ಆ ಚಕ್ರದ ಹತ್ತಿರದಿಂದ ಈ ಕಡೆ ಬನ್ನಿ ಸ್ವಾಮಿ. ಅಲ್ಲಿ ಯಾರೋ ಐದು ರೂಪಾಯಿ ಉಳಿಸಿ ಹೋಗಿದ್ದಾರೆ.

ನಾನು: (ಸರಿದು ನಿಂತು) ತಮ್ಮ ಕುಲಗೋತ್ರ?

ಬಸ್ಸು: ದೊಡ್ಡ ಮನೆತನ. 1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರದವರು ನಮ್ಮ ಹಿರೀಕರನ್ನ ರಸ್ತೆಗಿಳಿಸಿದ್ರು. ಒಟ್ಟು 120 ಬಸ್ಸು. 1961ರಲ್ಲಿ ಇಲಾಖೆ ಹೋಗಿ ನಿಗಮ ಆಯ್ತು. ಸಂಸಾರ ಬೆಳೀತು. ಬೆಳೆದ ಮೇಲೆ ಏನಾಗುತ್ತೆ, ನಿಮ್ಮ ಮನೆಗಳಲ್ಲಿ ಆಗೋದೇ. ಪಾಲು. 1997ರ ಆಗಸ್ಟಲ್ಲಿ ಬೆಂಗಳೂರಿನ ಹುಡುಗರು ಬೇರೆ ಹೋದ್ರು, ಅದೇ ನವೆಂಬರಲ್ಲಿ ಹುಬ್ಬಳ್ಳಿ ಕಡೆಯೋರು, 2000ದಲ್ಲಿ ಕಲಬುರಗಿ ಕಡೆಯೋರು. ಈಗ ನಾಲ್ಕು ಒಲೆ. ಮೆಜೆಸ್ಟಿಕ್ಕಲ್ಲಿ ಸಿಕ್ಕಿದಾಗ ಹಾರನ್ ಮಾಡ್ತೀವಿ, ಅಷ್ಟೇ.

ನಾನು: ತಮ್ಮ ಮನೆಯಲ್ಲೇ ರಾಜಹಂಸ, ಐರಾವತ, ಅಂಬಾರಿ, ಪಲ್ಲಕ್ಕಿ, ಅಶ್ವಮೇಧ ಅಂತ ಇದ್ದಾರಲ್ಲ?

ಬಸ್ಸು: ಇದ್ದಾರೆ. ಹೆಸರಿಡೋವಾಗ ಪುರಾಣ, ಅರಮನೆ ಎರಡೂ ಖಾಲಿ ಮಾಡಿದ್ದಾರೆ. ಇಂದ್ರನ ಆನೆ ಒಬ್ಬನಿಗೆ, ಆನೆ ಮೇಲಿನ ಅಂಬಾರಿ ಇನ್ನೊಬ್ಬನಿಗೆ. ಅಂಬಾರಿ ಒಳಗೆ ಜನ ಕಂಬಳಿ ಹೊದ್ದು ಗೊರಕೆ ಹೊಡೀತಾರೆ. ಯಾವ ದಸರಾದಲ್ಲಿ ಹಾಗೆ ನೋಡಿದ್ದೀರಿ ಹೇಳಿ. ಅಶ್ವಮೇಧದ ಕುದುರೆನ ಕಟ್ಟಿಹಾಕಿದೋನು ರಾಜನ ಜೊತೆ ಯುದ್ಧ ಮಾಡ್ಬೇಕು ಅಂತ ಶಾಸ್ತ್ರ. ಇಲ್ಲಿ ಹಗಲಲ್ಲಾದ್ರೆ ನೆಲಮಂಗಲದ ಟೋಲ್ ದಾಟಿದ ತಕ್ಷಣ ಟ್ರಾಫಿಕ್ಕು ಕಟ್ಟಿಹಾಕುತ್ತೆ, ಯಾರೂ ಯುದ್ಧಕ್ಕೆ ಬರಲ್ಲ. ನನಗೆ ಹೆಸರೇ ಇಟ್ಟಿಲ್ಲ. ಜನ ಕೆಂಪು ಬಸ್ಸು ಅಂತಾರೆ. ಬಣ್ಣ ಹೇಳಿ ಕರೆಯೋದು ಮನೆಯ ಹಸುವನ್ನ, ಬೇಜಾರಿಲ್ಲ.

ನಾನು: ಖರ್ಚಿನ ವಿಷಯಕ್ಕೆ ಬರೋಣ. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡ 15 ಏರಿತು. ಉಳಿಸೋ ದಾರಿ ಏನಾದ್ರೂ?

ಬಸ್ಸು: ಇದೆಯಲ್ಲ. ನಿಮ್ಮ ವಯಸ್ಸೆಷ್ಟು?

ನಾನು: ಐವತ್ತೆಂಟು.

ಬಸ್ಸು: ಅರವತ್ತು ತುಂಬಿದ್ರೆ ಟಿಕೆಟ್ಟಲ್ಲಿ ಕಾಲು ಭಾಗ ರಿಯಾಯಿತಿ. ಎರಡು ವರ್ಷ ಬಿಟ್ಟು ಹೊರಡಿ.

ನಾನು: ಫೈಲು ಅಷ್ಟು ದಿನ ಕಾಯುತ್ತಾ?

ಬಸ್ಸು: ಫೈಲು ಕಾಯುತ್ತೆ. ಅದರ ಬಗ್ಗೆ ನೀವು ಚಿಂತೆ ಮಾಡ್ಬೇಡಿ. ಬೇರೆ ದಾರಿ ಬೇಕು ಅಂದ್ರೆ, ನಾಲ್ಕು ಜನ ಒಂದೇ ಟಿಕೆಟ್ಟಲ್ಲಿ ಮುಂಗಡ ಬುಕ್ ಮಾಡ್ಸಿ, ಶೇಕಡ 5 ಇಳಿಯುತ್ತೆ. ಹೋಗೋದು ಬರೋದು ಒಟ್ಟಿಗೆ ಮಾಡ್ಸಿದ್ರೆ ಬರೋದರಲ್ಲಿ ಶೇಕಡ 10. ಆದ್ರೆ ಮದುವೆಗೆ ಹೋಗೋರು ವಾಪಸ್ ಟಿಕೆಟ್ ಮಾಡ್ಸಬಹುದು. ಕಚೇರಿ ಕೆಲಸಕ್ಕೆ ಹೋಗೋರು ಇವತ್ತೇ ವಾಪಸ್ ಅಂತ ಟಿಕೆಟ್ ಮಾಡ್ಸಿದ್ರೆ ಅವರಿಗೆ ಅನುಭವ ಸಾಲದು ಅಂತ ಅರ್ಥ.

(ನನ್ನ ಜೇಬಿನಲ್ಲಿ ವಾಪಸ್ ಟಿಕೆಟ್ ಇತ್ತು. ಹೇಳಲಿಲ್ಲ.)

ನಾನು: ನನ್ನ ಪಕ್ಕದ ಸೀಟಿನ ಅಮ್ಮ ಒಂದು ಪೈಸೆ ಕೊಡದೆ ಬರ್ತಿದ್ದಾರೆ. ದುಡ್ಡು ಕೊಟ್ಟ ನಾನು ಭದ್ರಾವತಿವರೆಗೆ ನಿಂತಿದ್ದೆ.

ಬಸ್ಸು: ಬಂತು ನೋಡಿ ಗಂಡಸರ ಪ್ರಶ್ನೆ. ಗಾಡಿ ಶಿವಮೊಗ್ಗಕ್ಕೆ ಬರೋಕೆ ಮುಂಚೆನೇ ತುಂಬಿತ್ತು, ನೀವು ಮುಂಗಡ ಮಾಡ್ಸಿರಲಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ನನ್ನಂಥ ಸಾಮಾನ್ಯ ಬಸ್ಸಲ್ಲಿ, ರಾಜ್ಯದೊಳಗೆ ಮಾತ್ರ. ಇಂದ್ರನ ಆನೆ ಹತ್ತಿದ್ರೆ ಅವರೂ ಕೊಡ್ಬೇಕು. ನನ್ನಲ್ಲಿ ಅರ್ಧ ಸೀಟು ಗಂಡಸರಿಗೇ ಅಂತ ನಿಯಮಾನೂ ಮಾಡಿದ್ರು. ಆ ಅಮ್ಮನ ಕೈಲಿ ಏನಿತ್ತು ನೋಡಿದ್ರಾ?

ನಾನು: ಒಂದು ಪ್ಲಾಸ್ಟಿಕ್ ಕವರು.

ಬಸ್ಸು: ಅದರೊಳಗೆ ಎಕ್ಸ್‌ರೇ. ಮೊದಲೂ ಬರ್ತಿದ್ರು, ಮಗನ ಹತ್ರ ದುಡ್ಡು ಕೇಳಿ, ಮಗ ಸೊಸೆನ ಕೇಳಿ, ಸೊಸೆ ಮುಂದಿನ ತಿಂಗಳು ಅಂತ ಹೇಳಿ. ಈಗ ಆಧಾರ್ ತೋರಿಸ್ತಾರೆ, ಕಂಡಕ್ಟರ್ ಸೊನ್ನೆ ಟಿಕೆಟ್ ಹರೀತಾನೆ, ಮುಗೀತು. ಹಾಂ, ಬಿಟ್ಟಿ ಪ್ರಯಾಣ ಎಲ್ಲರಿಗೂ ಅಂತ ತಿಳೀಬೇಡಿ. 2024ರ ಮಾರ್ಚಲ್ಲಿ ಬೆಂಗಳೂರಿಂದ ಮೈಸೂರಿಗೆ ಒಬ್ಬ ಅಜ್ಜಿ, ಮೊಮ್ಮಗಳು ಹೊರಟ್ರು. ಇಬ್ಬರಿಗೂ ಸೊನ್ನೆ ಟಿಕೆಟ್. ಪಂಜರದಲ್ಲಿ ನಾಲ್ಕು ಗಿಳಿ ಇದ್ವು. ಒಂದಕ್ಕೆ 111ರ ಹಾಗೆ 444 ರೂಪಾಯಿ ಹರಿದ್ರು. ಗಿಳಿ ಹೆಣ್ಣೋ ಗಂಡೋ ಅಂತ ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ರೂ ಅವುಕ್ಕೆ ಆಧಾರ್ ಇರಲಿಲ್ಲ.

ನಾನು: ಚಿಲ್ಲರೆ ಬಗ್ಗೆ...

ಬಸ್ಸು: ಅದನ್ನ ನೆನಪಿಸ್ಬೇಡಿ. ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಸುತ್ತ ಒಂದು ಸೊನ್ನೆ ಎಳೀತಿದ್ರಲ್ಲ, ಅದೇ ನಿಮ್ಮನ್ನ ದಾರಿಯುದ್ದಕ್ಕೂ ಎಚ್ಚರ ಇಡ್ತಿತ್ತು. ಇಳಿಯೋ ಊರಿಗೆ ಐದು ಕಿಲೋಮೀಟರ್ ಇರೋವಾಗ್ಲೇ ಜನ ಎದ್ದು ಅವನ ಮುಖ ನೋಡೋಕೆ ಶುರು ಮಾಡ್ತಿದ್ರು. ಈಗ ಮೊಬೈಲಲ್ಲಿ ಸ್ಕ್ಯಾನ್ ಮಾಡಿ ನಿಶ್ಚಿಂತೆಯಿಂದ ಮಲಗ್ತಾರೆ. ಮಲಗಿ ತಿಪಟೂರಲ್ಲಿ ಇಳಿಯೋರು ಗುಬ್ಬಿಗೆ ಬಂದಿರ್ತಾರೆ.

ನಾನು: ಖಾಸಗಿ ಬಸ್ಸುಗಳ ಬಗ್ಗೆ ತಮ್ಮ ಅಭಿಪ್ರಾಯ?

ಬಸ್ಸು: ಅವರ ಗಾಡಿ ಚೆನ್ನಾಗಿರುತ್ತೆ, ಸುಳ್ಳು ಯಾಕೆ ಹೇಳಲಿ. ಮಂಗಳವಾರ ಹೋದ್ರೆ ನನಗಿಂತ ಸೋವಿನೂ ಸಿಗಬಹುದು. ಗೌರಿ ಹಬ್ಬದ ಹಿಂದಿನ ರಾತ್ರಿ ನೋಡಿ ದರ. ನಿಮಗೆ ಎಷ್ಟು ಅರ್ಜೆಂಟೋ ಅಷ್ಟು ರೂಪಾಯಿ. ಊರಲ್ಲಿ ಅಮ್ಮ ಕಡುಬು ಮಾಡಿರ್ತಾಳೆ ಅನ್ನೋದು ಅವರ ಕಂಪ್ಯೂಟರಿಗೆ ಹೇಗೋ ಗೊತ್ತಾಗಿರುತ್ತೆ. ಹಾಗಾಗಿ ಅಗ್ಗದಲ್ಲಿ ಓಡಾಡೋನು ಮೊದಲು ಪಂಚಾಂಗ ತೆಗೀಬೇಕು, ಆಮೇಲೆ ಬಸ್ಸಿನ ವೇಳಾಪಟ್ಟಿ.

ನಾನು: ಸೀಟು ಹಿಡಿಯೋ ವಿಚಾರ?

ಬಸ್ಸು: ಕಿಟಕಿಯಿಂದ ಕರ್ಚೀಫು ಹಾಕಿದ್ರೆ ಒಂದು ಸೀಟು. ಟವೆಲ್ ಹಾಕಿದ್ರೆ ಎರಡು. ಒಂದ್ಸಲ ಕಡೂರಲ್ಲಿ ಒಬ್ಬ ಯಜಮಾನರು ಕಿಟಕಿಯಿಂದ ಮಗುನೇ ಇಳಿಬಿಟ್ಟು ಮೂರು ಜನರ ಸೀಟು ಹಿಡಿದ್ರು. ಯಾರೂ ತಕರಾರು ಮಾಡಲಿಲ್ಲ. ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಬೇಡ. ಮಂಡಿ ಗಲ್ಲಕ್ಕೆ ತಾಗುತ್ತೆ. ಕೊನೇ ಸಾಲಂತೂ ಬೇಡವೇ ಬೇಡ, ಪ್ರತಿ ಹಂಪ್ಸಿಗೂ ಜನ ಸೀಟಿಂದ ಒಂದು ಗೇಣು ಏಳ್ತಾರೆ. ಟಿಕೆಟ್ ದರ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಒಂದೇ. ಮಿಕ್ಕಿದ್ದನ್ನ ಸೊಂಟದಲ್ಲಿ ಕಟ್ಟಬೇಕು.

ಒಳಕೋಣೆಯಿಂದ ಎಲೆ ಅಡಿಕೆಯ ವಾಸನೆ ಬಂತು. ಊಟ ಮುಗಿದಿದೆ. ನಾನು ಮುಖ್ಯ ಪ್ರಶ್ನೆಗೆ ಬಂದೆ.

ನಾನು: ನಾಳೆ ಎಷ್ಟು ಹೊತ್ತಿಗೆ ಬೆಂಗಳೂರು?

ಬಸ್ಸು: ನೀವು ಈ ಪ್ರಶ್ನೆನ ಆಸೆಯಿಂದ ಕೇಳ್ತಿದ್ದೀರಿ, ಹೆದರಿ ಕೇಳ್ಬೇಕು. ಎಲ್ಲಿಗೆ ಹೋಗ್ಬೇಕು ನೀವು?

ನಾನು: ಹನುಮಂತನಗರ.

ಬಸ್ಸು: ಮೆಜೆಸ್ಟಿಕ್ಕಿಂದ ಐದು ಕಿಲೋಮೀಟರ್ ಅಂತ ಇಟ್ಕಳಿ. 2025ರ ಆಗಸ್ಟಿಂದ ಆಟೋ ಮೀಟರು ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಅಂದ್ರೆ 90 ರೂಪಾಯಿ. ಆದ್ರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒನ್ ಅಂಡ್ ಹಾಫ್. 135. ನಾಲ್ಕೂ ಮುಕ್ಕಾಲಿಗೆ ಇಳಿದ್ರೆ 45 ರೂಪಾಯಿ ಹೋಯ್ತು. ಇದು ಮೀಟರ್ ಹಾಕಿದ್ರೆ. ಹಾಕಿದ್ರೆ ಅನ್ನೋ ಮಾತನ್ನ ನಾನು ಇಷ್ಟಕ್ಕೇ ಬಿಡ್ತೀನಿ.

ನಾನು: ಮೆಟ್ರೋ?

ಬಸ್ಸು: ಅದೂ ಶುಕ್ರವಾರ ಐದು ಗಂಟೆಗೇ ಕಣ್ಣು ಬಿಡೋದು. ಭಾನುವಾರ ಏಳಕ್ಕೆ. ನೋಡಿ, ಬಸ್ಸು ಕಂಡಕಂಡಲ್ಲಿ ನಿಂತು, ಗೇಟಲ್ಲಿ ಕಾದು ಐದೂಕಾಲಿಗೆ ಬಂದ್ರೆ ನಿಮಗೆ ಲಾಭ. ದುಡ್ಡಿದ್ದೋನು ಬೇಗ ಹೋಗ್ತಾನೆ ಸ್ವಾಮಿ, ಇಲ್ಲದೋನು ಬೇಗ ಹೋಗಿ ಏನು ಮಾಡ್ತಾನೆ? ನನ್ನ ನಿಧಾನಕ್ಕೆ ಜನ ಬಯ್ತಾರೆ. ಆ ನಿಧಾನದಲ್ಲಿ ನಿಮ್ಮ 45 ರೂಪಾಯಿ ಇದೆ.

ನಾನು: ಮೆಟ್ರೋ ಮಾದಾವರದವರೆಗೆ ಬಂದಿದೆಯಲ್ಲ. ಅಲ್ಲೇ ಇಳಿದರೆ?

ಬಸ್ಸು: 2024ರ ನವೆಂಬರಲ್ಲಿ ಬಂತು. ಹಗಲು ಬರೋರಿಗೆ ಒಳ್ಳೇದು. ನಾನು ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸು, ಗೊರಗುಂಟೆಪಾಳ್ಯ ಅಂತ ಒಂದೊಂದೇ ಸಿಗ್ನಲ್ಲಲ್ಲಿ ಧ್ಯಾನ ಮಾಡ್ತಿರೋವಾಗ ಇಳಿದೋರು ತಲೆ ಮೇಲೆ ಹಾದು ಹೋಗ್ತಾರೆ. ಆದ್ರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ಇದ್ದದ್ದು 90 ಮಾಡಿದ್ರು. ಅಗ್ಗದೋರು ಲೆಕ್ಕ ಹಾಕಿ ಮತ್ತೆ ನನ್ನ ಜೊತೆ ಧ್ಯಾನಕ್ಕೆ ಕೂತ್ರು. ಪೀಣ್ಯದಲ್ಲೇ ಎಲ್ಲರನ್ನೂ ಇಳಿಸೋಣ ಅಂತ ಬಸವೇಶ್ವರ ನಿಲ್ದಾಣ ಕಟ್ಟಿದ್ದೂ ಆಯ್ತು. ಚೆಂದದ ಕಟ್ಟಡ. ಜನ ಇಳೀಲೇ ಇಲ್ಲ. ಬೆಂಗಳೂರು ಅಂದ್ರೆ ಮೆಜೆಸ್ಟಿಕ್ಕು ಅಂತ ಅವರ ತಲೇಲಿ ಕೂತಿದೆ. ಅಲ್ಲಿ ಧರ್ಮಾಂಬುಧಿ ಕೆರೆ ಇತ್ತು, ಕೆರೆ ಹೋಗಿ ಬಸ್ಟ್ಯಾಂಡ್ ಬಂತು. ಮೆಜೆಸ್ಟಿಕ್ ಅಂತ ಟಾಕೀಸಿತ್ತು, ಅದೂ ಹೋಯ್ತು. ಇಲ್ಲದ ಟಾಕೀಸಿನ ಹೆಸರು ಹೇಳಿ ಇಲ್ಲದ ಕೆರೆಯೊಳಗೆ ಇಳೀತಾರೆ, ಅಲ್ಲಿ ಇಳಿದ್ರೇನೇ ಸಮಾಧಾನ.

ನಾನು: ಕೊನೆಯದಾಗಿ, ನಮ್ಮ ಓದುಗರಿಗೆ...

ಬಸ್ಸು: ಓದುಗರಿಗೆ ಬಿಡಿ, ನಿಮ್ಮ ಸೀಟಿಗೆ ಯಾರೋ ಕರ್ಚೀಫು ಹಾಕ್ತಿದ್ದಾರೆ ನೋಡಿ.

ಸೀಟಿ ಊದಿತು. ‘ಪಕ್ಕದೋರು ಬಂದ್ರಾ ನೋಡ್ಕಳಿ’ ಎಂದು ಕಂಡಕ್ಟರು ಎರಡು ಸಲ ಕೂಗಿ ಬಾಗಿಲು ಎಳೆದರು. ಎಕ್ಸ್‌ರೇ ಅಮ್ಮ ನನ್ನ ಸೀಟಿನ ಮೇಲೆ ಕವರು ಇಟ್ಟು ಕಾಯ್ದಿದ್ದರು. ನಾನು ಕೂತ ಮೇಲೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ನೀವು ಬಸ್ಸಿನ ಹತ್ರ ಏನೋ ಮಾತಾಡ್ತಿದ್ರಿ’ ಅಂದರು. ಫೋನ್ ಬಂದಿತ್ತು ಅಂದೆ.

ಆಮೇಲೆ ಆದದ್ದು ಯಾರ ತಪ್ಪೂ ಅಲ್ಲ. ತುಮಕೂರಿನಲ್ಲಿ ಹತ್ತುವವರು ಒಬ್ಬರೂ ಇರಲಿಲ್ಲ. ಡಾಬಸ್‌ಪೇಟೆಯಲ್ಲಿ ರಸ್ತೆ ಖಾಲಿ, ನೆಲಮಂಗಲದ ಗೇಟಿನಲ್ಲಿ ಮುಂದೆ ಒಂದು ತರಕಾರಿ ಲಾರಿ ಮಾತ್ರ. ಗೊರಗುಂಟೆಪಾಳ್ಯದ ಸಿಗ್ನಲ್ಲು, ನನ್ನ ಆಯುಷ್ಯದಲ್ಲಿ ಮೊದಲ ಸಲ, ಹಸಿರಾಗಿತ್ತು. ಬಸ್ಸು ಮೆಜೆಸ್ಟಿಕ್ಕಿಗೆ ಬಂದು ನಿಂತಾಗ ಗಂಟೆ ನಾಲ್ಕೂ ಇಪ್ಪತ್ತು. ಡ್ರೈವರ್ ಹೆಮ್ಮೆಯಿಂದ ಗಡಿಯಾರ ನೋಡಿಕೊಂಡರು. ಇಳಿಯುವಾಗ ಬಾಗಿಲಿನ ಕಂಬಿ ತಟ್ಟಿ ಮೆಲ್ಲಗೆ ‘ಏನಪ್ಪಾ ಇದು’ ಅಂದೆ. ಇಂಜಿನ್ ಆರಿತ್ತು, ಮಾತಿಲ್ಲ.

‘ಎಲ್ಲಿಗೆ ಸಾರ್, ಬನ್ನಿ ಸಾರ್’ ಎಂದು ಮೂವರು ಸುತ್ತುವರಿದರು. ಯಾರೋ ಬರ್ತಾರೆ ಎಂದು ಸುಳ್ಳು ಹೇಳಿ ಕಲ್ಲುಬೆಂಚಿನ ಕಡೆ ನಡೆದೆ. ಅಲ್ಲಿ ಜಾಗವಿರಲಿಲ್ಲ. ಭದ್ರಾವತಿಯಲ್ಲಿ ಹತ್ತಿದ ಗಂಡ ಹೆಂಡತಿ, ಬೀರೂರಿನ ಇಬ್ಬರು ಹುಡುಗರು, ತಲೆಗೆ ಮಫ್ಲರ್ ಸುತ್ತಿದ್ದ ಮೇಷ್ಟ್ರಂಥವರು, ನಮ್ಮ ಬಸ್ಸಿನವರೇ ಹತ್ತು ಹನ್ನೆರಡು ಜನ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಎದುರಿನ ಗಡಿಯಾರ ನೋಡುತ್ತ ಕೂತಿದ್ದರು. ಎಕ್ಸ್‌ರೇ ಅಮ್ಮ ಕವರು ಎತ್ತಿಕೊಂಡು ಸ್ವಲ್ಪ ಸರಿದರು. ‘ಕೂತ್ಕಳಿ, ಇನ್ನು ಮೂವತ್ತೈದು ನಿಮಿಷ’ ಅಂದರು.