‘ಯೋಧ’ ಜೀನಿನ ಅಹವಾಲು

ಎಂಎಒಎ ಜೀನಿನ ವಾಸ ಎಕ್ಸ್ ವರ್ಣತಂತುವಿನ ಗಿಡ್ಡ ತೋಳಿನಲ್ಲಿ. ಹೆಣ್ಣಿಗೆ ಇದರ ಎರಡು ಪ್ರತಿ, ಗಂಡಿಗೆ ಒಂದೇ. ಇದರ ಸೂಚನೆಯಂತೆ ತಯಾರಾಗುವ ಕಿಣ್ವವು ಮಿದುಳಿನಲ್ಲಿ ಕೆಲಸ ಮುಗಿಸಿದ ಸೆರೊಟೋನಿನ್, ಡೋಪಮೀನ್, ನಾರ್‌ಅಡ್ರಿನಲಿನ್‌ಗಳನ್ನು ಒಡೆದು ವಿಲೇವಾರಿ ಮಾಡುತ್ತದೆ. ಎಲ್ಲಿ ಹೊಡೆದಾಟವಾದರೂ ‘ರಕ್ತದಲ್ಲೇ ಬಂದಿದೆ’ ಎನ್ನುವವರು ಈಚೆಗೆ ಬೊಟ್ಟು ಮಾಡುವುದು ಇದರ ಕಡೆಗೇ ಆದ್ದರಿಂದ, ಅಂಕಣಕಾರರೊಬ್ಬರು ಇದನ್ನು ಸಂದರ್ಶನಕ್ಕೆ ಕೂರಿಸಿದರು.

ಮೊದಲ ಪ್ರಶ್ನೆ ಜೀನಿಗೆ ಸಂಬಂಧಿಸಿದ್ದೇ ಅಲ್ಲ. ಮಕ್ಕಳ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು, ‘ಇವನು ಎಂಜಿನಿಯರ್, ಇವಳಿಗೆ ಸಂಗೀತ’ ಎಂದು ಬಣ್ಣದ ವರದಿ ಕೊಟ್ಟು ದುಡ್ಡು ಎಣಿಸಿಕೊಳ್ಳುವ ಕೇಂದ್ರಗಳ ಬಗ್ಗೆ ಅಭಿಪ್ರಾಯವೇನು? ‘ಅದು ನನ್ನ ಇಲಾಖೆಯಲ್ಲ ಸ್ವಾಮಿ’ ಎಂದ ಜೀನ್ ನೇರವಾಗಿ ಹೆಸರಿನ ತಕರಾರಿಗೆ ಇಳಿಯಿತು.

2004ರಲ್ಲಿ ‘ಸೈನ್ಸ್’ ಪತ್ರಿಕೆಯ ಸುದ್ದಿಬರಹವೊಂದು ಇದಕ್ಕೆ ‘ಯೋಧ’ ಎಂಬ ಪಟ್ಟ ಕಟ್ಟಿತು. ಬರಹ ಹೊರಟಿದ್ದು ವಾನರಗಳ ವಿಕಾಸವನ್ನು ಹೇಳಲು. ಪಟ್ಟ ಉಳಿದಿದ್ದು ಮನುಷ್ಯನ ಜೀನಿಗೆ. ಕಸ ಗುಡಿಸುವವನ ಕೈಗೆ ಕತ್ತಿ ಕೊಟ್ಟು ಫೋಟೊ ತೆಗೆಸಿದಂತಾಯಿತು ಎಂಬುದು ಜೀನಿನ ಅಳಲು. ಅದೂ, ಯೋಧ ಎನಿಸಿಕೊಂಡಿದ್ದು ಕಿಣ್ವವನ್ನು ಕಡಿಮೆ ತಯಾರಿಸುವ ಮಾದರಿ; ಅಂದರೆ ಮೈಗಳ್ಳನಿಗೆ ಶೌರ್ಯಪದಕ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಮೂವರಲ್ಲೊಬ್ಬನಿಗೆ ಈ ಮಾದರಿ ಇದೆ. ‘ಅಷ್ಟೂ ಜನ ಯುದ್ಧಕ್ಕೆ ಹೊರಟರೆ ಬೆಳಗ್ಗೆ ಹಾಲು ತರುವವರು ಯಾರು?’ ಎಂದು ಜೀನ್ ಕೇಳಿತು.

2006ರಲ್ಲಿ ಬ್ರಿಸ್ಬೇನಿನ ವಿಜ್ಞಾನ ಸಮ್ಮೇಳನವೊಂದರಿಂದ ಹೊರಟ ಸುದ್ದಿ ಈ ಪಟ್ಟವನ್ನು ನ್ಯೂಜಿಲೆಂಡಿನ ಮಾವೊರಿ ಜನರ ತಲೆಗೂ ಕಟ್ಟಿತು. ಅವರಲ್ಲಿ ಈ ಮಾದರಿ ಹೆಚ್ಚು, ಅವರ ಅಪರಾಧಗಳಿಗೆ ಅದೇ ಕಾರಣ ಎಂದು ಪತ್ರಿಕೆಗಳು ಬರೆದವು. ಪರೀಕ್ಷಿಸಿದ್ದು ಕೆಲವೇ ಜನರನ್ನು. ಇದೇ ಮಾದರಿ ಚೀನೀ ಗಂಡಸರಲ್ಲಿ ಇನ್ನೂ ಹೆಚ್ಚು ಎಂದು ಮತ್ತೊಂದು ಅಧ್ಯಯನ ಹೇಳಿತ್ತು. ಅವರನ್ನು ಯಾರೂ ಯೋಧರೆನ್ನಲಿಲ್ಲ.

ಡಚ್ ಕುಟುಂಬದ ಪ್ರಸಂಗ ಎತ್ತಿದೊಡನೆ ಜೀನ್ ಮಾತು ತೇಲಿಸಿತು. ಆ ಮನೆತನದ ಹಲವು ಗಂಡಸರಲ್ಲಿ ಬುದ್ಧಿಮಾಂದ್ಯ, ತಟ್ಟನೆ ಸಿಡಿಯುವ ಸಿಟ್ಟು, ಬೆಂಕಿ ಹಚ್ಚುವಂಥ ಕೃತ್ಯಗಳು ಕಂಡಿದ್ದವು. ಜೀನಿನ ಒಂದೇ ಅಕ್ಷರ ತಪ್ಪಿ ಕಿಣ್ವವೇ ಇಲ್ಲವಾಗಿದ್ದನ್ನು 1993ರಲ್ಲಿ ಹ್ಯಾನ್ ಬ್ರೂನರ್ ತಂಡ ಪತ್ತೆಹಚ್ಚಿತು. ಇಂಥ ದೋಷ ತೀರಾ ಅಪರೂಪ. ‘ಅಲ್ಲಿ ನನ್ನ ಕೆಲಸವೇ ನಿಂತಿತ್ತಲ್ಲ’ ಎಂದು ಗೊಣಗಿದ ಜೀನ್ ಮತ್ತೆ ಹೆಸರಿನ ವಿಷಯಕ್ಕೇ ಮರಳಿತು.

ಅಂಕಣಕಾರರು ಮರಳಿದ್ದು ಬೆರಳಚ್ಚಿಗೆ. ಬೆರಳಿನ ಗೆರೆಗಳು ಐದನೇ ತಿಂಗಳ ಹೊತ್ತಿಗೆ ಗರ್ಭದಲ್ಲೇ ಮೂಡಿ ಮುಗಿಯುತ್ತವೆ. ಒಂದೇ ಡಿಎನ್‌ಎ ಇರುವ ತದ್ರೂಪಿ ಅವಳಿಗಳಿಗೂ ಗೆರೆ ಬೇರೆ ಬೇರೆ. ಹಾಗಿರುವಾಗ ಆ ಗೆರೆಗಳಲ್ಲಿ ಮಗುವಿನ ಹುಟ್ಟುಪ್ರತಿಭೆಯನ್ನು ಯಾವ ಭೂತಗನ್ನಡಿ ಹಾಕಿ ಓದುತ್ತಾರೆ? ಪ್ರಶ್ನೆ ಭಾಷಣವಾಗಿ ಬೆಳೆಯಿತು. ಜೀನ್ ಆಕಳಿಸಿತು.

ಡುನೆಡಿನ್ ಹೆಸರು ಬಂದಾಗ ಆಕಳಿಕೆ ನಿಂತಿತು. ನ್ಯೂಜಿಲೆಂಡಿನ ಆ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವವರೆಗೆ ಗಮನಿಸುತ್ತ ಬಂದರು. ಅವಷಲೋಮ್ ಕ್ಯಾಸ್ಪಿ, ಟೆರ್ರಿ ಮಾಫಿಟ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು ಇಷ್ಟು: ಕಿಣ್ವ ಕಡಿಮೆ ಇರುವ ಹುಡುಗರು ಬಾಲ್ಯದಲ್ಲಿ ಹೊಡೆತ, ತಿರಸ್ಕಾರ, ದೌರ್ಜನ್ಯ ಉಂಡಿದ್ದರೆ ಮುಂದೆ ಹಿಂಸೆಗೆ ಇಳಿಯುವ ಸಂಭವ ಹೆಚ್ಚು. ಅದೇ ಮಾದರಿಯಿದ್ದೂ ಅಕ್ಕರೆಯಲ್ಲಿ ಬೆಳೆದವರಲ್ಲಿ ಅಂಥದ್ದೇನೂ ಕಾಣಲಿಲ್ಲ. ನಂತರದ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಆದರೆ ಸುದ್ದಿಯಾಗಿದ್ದು ಜೀನ್ ಮಾತ್ರ. ರಕ್ತ ತೆಗೆದು ಜೀನ್ ಪರೀಕ್ಷಿಸಿದರು. ಮಗುವನ್ನು ಬಡಿದವನ ಹೆಸರು ಯಾವ ತಲೆಬರಹದಲ್ಲೂ ಬರಲಿಲ್ಲ. ಭಾರತದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಮಗುವಿನ ಮೇಲೆ ಕೈ ಮಾಡುವುದನ್ನು ನಿಷೇಧಿಸಿದೆ. ಆದರೂ ‘ನಾಲ್ಕು ಬಿಗಿದರೆ ಸರಿಹೋಗ್ತಾನೆ’ ಎನ್ನುವ ಹಿರಿಯರು, ಅವನು ಒರಟನಾದ ಮೇಲೆ ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತಾರೆ. ಇದು ಅಜ್ಞಾನವಲ್ಲ, ನುಣುಚಿಕೊಳ್ಳುವ ಉಪಾಯ.

ನ್ಯಾಯಾಲಯಗಳೂ ಜೀನಿನ ಮೊರೆ ಹೋಗಿವೆ. 2009ರಲ್ಲಿ ಇಟಲಿಯ ಟ್ರಿಯೆಸ್ಟ್‌ನ ಮೇಲ್ಮನವಿ ನ್ಯಾಯಾಲಯ, ಕೊಲೆಗಾರನೊಬ್ಬನಲ್ಲಿ ಈ ಮಾದರಿ ಇರುವುದನ್ನೂ ಪರಿಗಣಿಸಿ ಶಿಕ್ಷೆಯಲ್ಲಿ ಒಂದು ವರ್ಷ ಕಡಿತ ಮಾಡಿತು. ಆ ತರ್ಕ ಹಿಡಿದರೆ ಯುರೋಪಿನ ಗಂಡಸರಲ್ಲಿ ಮೂರನೇ ಒಂದು ಪಾಲು ಜನ ರಿಯಾಯಿತಿಗೆ ಅರ್ಹರು.

ಮನುಷ್ಯನ ಸಿಟ್ಟು, ಸಂಯಮ, ಸಾಹಸಗಳ ಹಿಂದೆ ಸಾವಿರಾರು ಜೀನುಗಳಿವೆ. ಒಂದೊಂದರ ಪಾಲೂ ಅತ್ಯಲ್ಪ. ಅವುಗಳ ಜೊತೆಗೆ ಗರ್ಭದ ಪೋಷಣೆ, ಬಾಲ್ಯ, ನಿದ್ದೆ, ಕುಡಿತ, ಸಹವಾಸಗಳೂ ಸೇರುತ್ತವೆ. ಗುಂಪಿನಲ್ಲಿ ಸಂಭವ ಎಷ್ಟು ಏರಿಳಿಯುತ್ತದೆಂದು ಅಂದಾಜು ಮಾಡಬಹುದೇ ಹೊರತು, ಎದುರಿಗೆ ನಿಂತ ಹುಡುಗ ನಾಳೆ ಏನು ಮಾಡುತ್ತಾನೆಂದು ಒಂದು ಜೀನ್ ನೋಡಿ ಹೇಳಲಾಗದು. ಬೆರಳು ನೋಡಿಯಂತೂ ಆಗದೇ ಆಗದು ಎಂದು ಅಂಕಣಕಾರರು ಸೇರಿಸಿದರು. ಅದೊಂದು ಮಾತಿಗೆ ಜೀನಿನ ಸಹಮತವೂ ಸಿಕ್ಕಿತು.