ಎರಡಿಂಚಿನ ಪಿಸುಮಾತು

ಧಾರವಾಡದಾಗ ಪಿಸುಮಾತು ಅಂದ್ರ ಎದುರು ಓಣಿಗೂ ಕೇಳಬೇಕು. ಅಂಥಾ ಊರಿಗೆ ನಮ್ಮ ದೋಸ್ತನ ಸೋದರಮಾವ ಅಮೆರಿಕಾದಿಂದ ಎಚ್‌ಪಿ 48 ಕ್ಯಾಲ್ಕುಲೇಟರ್ ತಂದುಕೊಟ್ಟ. 1990ರಾಗ ಪ್ಯಾಟಿಗೆ ಬಂದ ಜಾತಿ ಅದು. ನೆತ್ತಿ ಮ್ಯಾಲೆ ಕಪ್ಪು ಕಿಂಡಿ. ಅದರಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಾಗ ತನ್ನಂಥಾ ಇನ್ನೊಂದರ ಜೋಡಿ ಮಾತಾಡತಿತ್ತು. ಎಷ್ಟು ದೂರ? ಎರಡೇ ಇಂಚು! ಪರೀಕ್ಷಾದಾಗ ಹುಡುಗರು ಕಾಪಿ ಹೊಡೀಬಾರದಂತ ಬೇಕಂತನ ಹಂಗ ಇಟ್ಟಿದ್ರಂತ ಹೇಳ್ತಾರ.

"ಎರಡಿಂಚು ಅಂದ್ರ ಮಾತಲ್ಲಲೇ, ಮುತ್ತು!" ಅಂದ ದೋಸ್ತ. ಹಳೇ ರಿಮೋಟಿನ ಎಲ್‌ಇಡಿ, ಒಂದು ಟ್ರಾನ್ಸಿಸ್ಟರ್, ಎರಡು ಸೆಲ್ ಕೂಡಿಸಿ ಬೆಸುಗಿ ಹಾಕಲಿಕ್ಕೆ ಕುಂತ. ನಾನು ಲೆಕ್ಕ ಹೇಳಿದೆ: 5 ಸೆಂಟಿಮೀಟರಿನ ಮಾತು 5 ಮೀಟರ್ ಮುಟ್ಟಬೇಕಂದ್ರ ದೂರ 100 ಪಟ್ಟು, ಆದರ ಬೆಳಕು ಸೊರಗೂದು 10,000 ಪಟ್ಟು. ಆಕಡಿ ಕೇಳೋ ಕಿವಿನೂ ಚುರುಕಾಗಬೇಕು.

"ಕಿವಿ ಬಿಡಲೇ, ಮೊದಲ ಬಾಯಿ ದೊಡ್ಡದು ಮಾಡೋಣು" ಅಂದ. ಅಪ್ಪಟ ನಮ್ಮೂರ ಸಿದ್ಧಾಂತ.

ಬಾಯಿ ದೊಡ್ಡದಾತು. ಇನ್ನೊಂದು ಕ್ಯಾಲ್ಕುಲೇಟರ್ ಇಡೀ ಓಣ್ಯಾಗ ಯಾರ ಕಡೆನೂ ಇರಲಿಲ್ಲ ಅನ್ನೂದು ಆಮೇಲೆ ಹೊಳೀತು! ಪುಣ್ಯಾಕ್ಕ ಟಿವಿ ರಿಮೋಟಿನ ಸಂಜ್ಞೆ ಕಳಸೋ ಪ್ರೋಗ್ರಾಮ್ ಇತ್ತು. ರವಿವಾರ ಅವರಪ್ಪ ಗಿರ್ಮಿಟ್ ತಿನಕೋತ ಕ್ರಿಕೆಟ್ ನೋಡೋ ಮುಂದ ಟಿವಿ ಪಟ್ಟನೆ ಬಂದ್ ಆತು.

"ಕರೆಂಟ್ ಹೋತೇನಲೇ?"

ತಲಿ ಮ್ಯಾಲೆ ಫ್ಯಾನ್ ತಿರಗತಿತ್ತು.

ಆ ಕ್ಯಾಲ್ಕುಲೇಟರ್ ಈಗ ಅವರಪ್ಪನ ಕಪಾಟಿನಾಗ ಅದ. ಕೀಲಿ ಅವರ ಉಡದಾರಕ್ಕ.