ಫ್ರಿಜ್ಜಿನ ತಲೆ ಮೇಲೆ

ನೋಡ್ರೀ, ‘ಇವತ್ತು ಮನೆ ಕ್ಲೀನ್ ಮಾಡ್ಲೇಬೇಕು’ ಅಂತ ಹೊರಡೋದೇ ತಪ್ಪು. ಮನೆ ಅಂದಕೂಡಲೇ ಅಟ್ಟ, ಮಂಚದ ಅಡಿ, ಮೆಟ್ಟಿಲ ಕೆಳಗಿನ ಗೂಡು ಎಲ್ಲಾ ಒಟ್ಟಿಗೇ ಕಣ್ಮುಂದೆ ಬಂದು ನಿಲ್ಲುತ್ವೆ. ಅದಕ್ಕಿಂತ ಇನ್ನೊಂದು ಲೋಟ ಕಾಫಿ ಕುಡಿದು ಕೂತುಬಿಡೋದೇ ವಾಸಿ ಅನ್ನಿಸುತ್ತೆ. ಹಟ ಹಿಡಿದು ಶುರು ಮಾಡಿದವರ ಕಥೆಯೂ ಗೊತ್ತಲ್ಲ? ಭಾನುವಾರ ಬೆಳಿಗ್ಗೆ ಇಡೀ ಬೀರುವನ್ನ ಮಂಚದ ಮೇಲೆ ಸುರಿಯೋದು, ಮಧ್ಯಾಹ್ನಕ್ಕೆ ಸೊಂಟ ಹಿಡಿಯೋದು, ರಾತ್ರಿ ಮಲಗೋಕೆ ಜಾಗ ಬೇಕಲ್ಲ ಅಂತ ಎಲ್ಲವನ್ನೂ ಬಾಚಿ ಮತ್ತೆ ಬೀರುವಿಗೇ ತುರುಕೋದು. ನಮ್ಮ ಬೀದಿಯಲ್ಲೇ ಇದ್ದಾರೆ. ಹೆಸರು ಬೇಡ ಬಿಡಿ, ಕಾಂಪೌಂಡ್ ಗೋಡೆಗೂ ಕಿವಿ ಇರುತ್ತೆ.

ಅದಕ್ಕೇ ಹೇಳೋದು, ಫ್ರಿಜ್ಜಿನ ತಲೆ ಒಂದನ್ನ ಹಿಡೀರಿ. ಅಲ್ಲಿ ಏನಿಲ್ಲ ಹೇಳಿ? ಎಂದೋ ತಂದ ಕೆಮ್ಮಿನ ಔಷಧಿ, ಅದರ ತಳಕ್ಕೆ ಅಂಟಿಕೊಂಡ ಕರೆಂಟ್ ಬಿಲ್ಲು, ಸತ್ತಿದೆಯೋ ಬದುಕಿದೆಯೋ ತಿಳಿಯದ ಸೆಲ್ಲು, ಯಾವ ಬೀಗದ್ದೋ ಕೀ, ಧರ್ಮಸ್ಥಳದ ಕುಂಕುಮದ ಪೊಟ್ಟಣ. ಎಲ್ಲಾ ಇಳಿಸಿ, ಹಳೇ ಬನಿಯನ್ ತಗೊಂಡು ಒರೆಸಿ. ಒಗ್ಗರಣೆ ಹೊಗೆಗೆ ಧೂಳು ಕೂತು ಆಗಿರೋ ಆ ಅಂಟುಜಿಡ್ಡು ಬರೀ ನೀರಿಗೆ ಬಗ್ಗಲ್ಲ, ಬಿಸಿನೀರಿಗೆ ಸೋಪು ಹಾಕ್ಬೇಕು. ಕಾಲು ಗಂಟೆ ಕೆಲಸ, ಆದ್ರೆ ಮುಗಿಯುತ್ತೆ ನೋಡಿ! ಮನೆಕೆಲಸದಲ್ಲಿ ಮುಗಿಯೋದು ಅಂತ ಏನಿದೆ? ಪಾತ್ರೆ ಮುಗಿಯಲ್ಲ, ಬಟ್ಟೆ ಮುಗಿಯಲ್ಲ, ಮಧ್ಯಾಹ್ನದ ಊಟದ ಕೈ ತೊಳೀತಾ ಇರುವಾಗಲೇ ರಾತ್ರಿಗೇನು ಅಂತ ಕೇಳ್ತಾರೆ. ಇದೊಂದು ಮುಗಿಯುತ್ತೆ, ಅಡುಗೆಮನೆಗೆ ಕಾಲಿಟ್ಟಾಗಲೆಲ್ಲಾ ಕಣ್ಣಿಗೂ ಬೀಳುತ್ತೆ.

ಇಳಿಸಿದ್ದಕ್ಕೆಲ್ಲಾ ಒಂದೊಂದು ಜಾಗ ಗೊತ್ತುಮಾಡೋದೂ ಹೊಸ ವಿದ್ಯೆಯೇನಲ್ಲ. ಒಗ್ಗರಣೆ ಡಬ್ಬಿ ತೆಗೆದು ನೋಡಿ. ಏಳು ಬಟ್ಟಲು: ಸಾಸಿವೆ, ಜೀರಿಗೆ, ಮೆಂತ್ಯ, ಕಡಲೆಬೇಳೆ, ಉದ್ದಿನಬೇಳೆ, ಅರಿಶಿನ, ಒಣಮೆಣಸಿನಕಾಯಿ. ಎಣ್ಣೆ ಕಾದಿರುವಾಗ ಕರೆಂಟ್ ಹೋದ್ರೂ ಕೈ ನೇರ ಸಾಸಿವೆಗೇ ಹೋಗುತ್ತೆ. ಅಂಥ ಒಂದು ಗೊತ್ತಾದ ಜಾಗ ಕನ್ನಡಕಕ್ಕೆ, ಗಾಡಿ ಕೀಗೆ, ಆಧಾರ್ ಜೆರಾಕ್ಸಿಗೆ ಮಾಡಿಟ್ಟುಬಿಡಿ. ಬೆಳಿಗ್ಗೆ ಎಂಟೂವರೆಗೆ ‘ಕೀ ಎಲ್ಲಿಟ್ಟೆ?’ ಅನ್ನೋ ಕೂಗು ನಿಂತ್ರೇ ಅರ್ಧ ಬಿಪಿ ಇಳಿದಂತೆ.

ಜಪಾನಿನ ಮರಿ ಕೊಂಡೊ ಇದ್ದಾರಲ್ಲ, 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಊರಿಗೆಲ್ಲಾ ಮನೆ ಜೋಡಿಸೋದು ಹೇಳಿಕೊಟ್ಟವರು, ಅವರದ್ದು ಈ ಒಂದೊಂದೇ ಜಾಗದ ಲೆಕ್ಕಕ್ಕೆ ಉಲ್ಟಾ. ಮನೆಯಲ್ಲಿರೋ ಅಷ್ಟೂ ಬಟ್ಟೆ ಒಂದೇ ಕಡೆ ರಾಶಿ ಹಾಕಿ, ಒಂದೊಂದನ್ನೇ ಕೈಯಲ್ಲಿ ಹಿಡಿದು, ಖುಷಿ ಕೊಡುತ್ತಾ ಅಂತ ಕೇಳ್ಕೋಬೇಕಂತೆ. ನಮ್ಮ ಹಳೇ ಪ್ರೆಶರ್ ಕುಕ್ಕರ್ ಎಂದೂ ಖುಷಿ ಕೊಟ್ಟಿಲ್ಲ, ಹಾಗಂತ ಎಸೆಯೋಕಾಗುತ್ತಾ? ಆಕೆಯೇ 2023ರಲ್ಲಿ, ಮೂರು ಮಕ್ಕಳಾದ ಮೇಲೆ ಮನೆ ಮೊದಲಿನಷ್ಟು ಓರಣವಾಗಿಲ್ಲ, ಪರವಾಗಿಲ್ಲ ಅಂದುಬಿಟ್ರು. ಅವತ್ತಿಂದ ನನಗೆ ಆಕೆ ಮೇಲೆ ಗೌರವ ಬಂತು.

ಇನ್ನೊಂದು ಹೇಳ್ತೀನಿ, ನಗಬೇಡಿ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇಬ್ಬರೂ ದುಡಿಯೋ ಮೂವತ್ತು ಜೋಡಿಗಳನ್ನ ಇಟ್ಕೊಂಡು ಒಂದು ಅಧ್ಯಯನ ಮಾಡಿದ್ರು, 2010ರಲ್ಲಿ ಅಚ್ಚಾಯ್ತು. ತಮ್ಮ ಮನೆ ಅಸ್ತವ್ಯಸ್ತ, ಕೆಲಸ ಅರ್ಧಕ್ಕೇ ನಿಂತಿದೆ ಅಂತ ಹೇಳ್ಕೊಂಡ ಹೆಂಗಸರಲ್ಲಿ, ಸಂಜೆಗೆ ಚೆನ್ನಾಗಿ ಇಳೀಬೇಕಾದ ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಅಷ್ಟಾಗಿ ಇಳೀತಿರಲಿಲ್ಲ. ಗಂಡಸರಲ್ಲಿ ಹಾಗೇನೂ ಕಾಣಲಿಲ್ಲವಂತೆ! ಇದನ್ನ ಕಂಡುಹಿಡಿಯೋಕೆ ಅಷ್ಟು ದೂರ ಹೋಗ್ಬೇಕಿತ್ತೇನ್ರೀ?

ಹಾಗಂತ ಯಜಮಾನರ ಮೇಜಿಗೆ ಕೈ ಹಾಕಬೇಡಿ. ಅವರ ವೈರು, ಸ್ಕ್ರೂ, ಹಳೇ ಚಾರ್ಜರುಗಳ ರಾಶಿ ಅವರದ್ದು. ಅದನ್ನ ಜೋಡಿಸೋಕೆ ಹೋದ್ರೆ ಮೇಜು ಓರಣವಾಗುತ್ತೆ, ಮಾತು ನಿಲ್ಲುತ್ತೆ. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡೋರ ಹತ್ತಿರವೂ ಜೋಕೆ. ಕೊಟ್ಟಿದ್ದು ನಾಲ್ಕು ಸೀರೆ, ಒಳಗೆ ಬಂದಿದ್ದು ಹತ್ತನೇ ಡಬರಿ.

ಇಷ್ಟೆಲ್ಲಾ ಮಾಡಿದ್ರೂ ಒಂದು ಮಾತ್ರ ನನ್ನ ಕೈಲಿ ಆಗಲ್ಲ: ಲಗ್ನಪತ್ರಿಕೆ. ಮದುವೆ ಮುಗಿದು ಮಗು ನಾಮಕರಣವೂ ಆಗಿರುತ್ತೆ, ಪತ್ರಿಕೆ ಮಾತ್ರ ಫ್ರಿಜ್ಜಿನ ತಲೆ ಮೇಲೇ ಇರುತ್ತೆ. ಕಸದ ಬುಟ್ಟಿಗೆ ಹಾಕೋಣ ಅಂದ್ರೆ ಮೇಲೆ ಗಣಪತಿ, ಮೂಲೆಯಲ್ಲಿ ಕುಲದೇವರು, ನಾಲ್ಕು ತುದಿಗೂ ಅರಿಶಿನ ಕುಂಕುಮ. ಅರಳಿಕಟ್ಟೆಯ ಬುಡದಲ್ಲಿಟ್ಟು ಬರೋಣ ಅಂದ್ರೆ ಅಲ್ಲಿ ಆಗಲೇ ಗಾಜು ಒಡೆದ ದೇವರ ಪಟಗಳ ಸಂತೆ. ಕತ್ತರಿಯಲ್ಲಿ ಗಣಪತಿಯಷ್ಟನ್ನ ಕತ್ತರಿಸಿ ದೇವರ ಕೋಣೆಯಲ್ಲಿಟ್ರೆ ಅಲ್ಲೊಂದು ಹೊಸ ರಾಶಿ. ಮುಂದಿನ ತಿಂಗಳು ನಿಮ್ಮ ಮಗಳ ಮದುವೆ ಪತ್ರಿಕೆ ಅಚ್ಚಿಗೆ ಹೋಗುತ್ತಲ್ಲ, ಒಂದು ಉಪಕಾರ ಮಾಡಿ. ಗಣಪತಿ ಬದಲು ಎರಡು ಬಾಳೆಕಂದು ಹಾಕಿಸಿ. ನಮಗಂತೂ ಪತ್ರಿಕೆನೇ ಬೇಡ, ಇಲ್ಲಿಂದಲೇ ಕೂಗಿ, ಊಟಕ್ಕೆ ಬಂದುಬಿಡ್ತೀವಿ.